ಅತ್ತೆಗೆ ಗಂಜಿ

ಹಾಸನದಲ್ಲಿ ಹುಟ್ಟಿ ಬೆಳೆದ ನನಗೆ ಬಿಸಿಲು ಗೊತ್ತಿತ್ತು, ಸೆಕೆ ಗೊತ್ತಿರಲಿಲ್ಲ. 2017ರ ಮಾರ್ಚ್ ತಿಂಗಳಲ್ಲಿ ನಮ್ಮವರಿಗೆ ಮಂಗಳೂರಿಗೆ ವರ್ಗವಾಯಿತು. ಸಾಮಾನು ಇಳಿಸಿದ ದಿನವೇ ಸೀರೆ ಬೆನ್ನಿಗೆ ಅಂಟಿಕೊಂಡಿತು. ಪೇಪರಿನಲ್ಲಿ ನೋಡಿದರೆ 34 ಡಿಗ್ರಿ. ಅಯ್ಯೋ, ಇಷ್ಟು ನಮ್ಮೂರಲ್ಲೂ ಇರುತ್ತಲ್ಲ ಎಂದುಕೊಂಡೆ. ಆದರೆ ಹಾಸನದಲ್ಲಿ ಸಂಜೆಗೆ ತಂಗಾಳಿ ಬೀಸುತ್ತದೆ. ಇಲ್ಲಿ ನಡುರಾತ್ರಿಯೂ ದಿಂಬು ಒದ್ದೆ. ಕರಿದ ಹಪ್ಪಳ ಬಡಿಸುವಷ್ಟರಲ್ಲಿ ಮೆತ್ತಗೆ!

ಬಳ್ಳಾರಿಯಲ್ಲಿರುವ ತಂಗಿ ಫೋನಿನಲ್ಲಿ, "ಕಿಟಕಿಗೆ ಒದ್ದೆ ಚಾದರ ಕಟ್ಟಕ್ಕಾ, ತಣ್ಣಗಾಗುತ್ತೆ" ಎಂದಳು. ಕಟ್ಟಿದೆ. ಮನೆ ಇಡ್ಲಿ ಪಾತ್ರೆಯಾಯಿತು. ಬಳ್ಳಾರಿಯದು ಒಣ ಗಾಳಿ, ನೀರು ಆರುತ್ತಾ ತಂಪು ಕೊಡುತ್ತದೆ. ಇಲ್ಲಿ ಗಾಳಿಯೇ ಒದ್ದೆ. ಬಟ್ಟೆಯೂ ಆರದು, ಮೈಬೆವರೂ ಆರದು.

ಇರಲಿ, ನಾನು ಹೇಳಹೊರಟದ್ದು ನಮ್ಮತ್ತೆಯ ವಿಷಯ. ಆಗ ಅವರಿಗೆ 72. ಮಧ್ಯಾಹ್ನ ಬಿಸಿ ಮುದ್ದೆ, ಖಾರದ ಸಾರು ಆಗಲೇಬೇಕು. ನೀರು ಮಾತ್ರ ಕುಡಿಯರು, ಪದೇ ಪದೇ ಎದ್ದು ಹೋಗಬೇಕಲ್ಲ ಎಂದು. ಪಕ್ಕದ ಮನೆಯ ಅಕ್ಕ ಎರಡು ಸಲ ಹೇಳಿದ್ದರು: "ಅಮ್ಮನಿಗೆ ಗಂಜಿ ಕೊಡಿ ಮಾರಾಯ್ರೆ, ಈ ಸೆಕೆಗೆ ಅದೇ ಒಳ್ಳೇದು." ಗಂಜಿ! ನಮ್ಮ ಕಡೆ ಅದು ಜ್ವರ ಬಂದವರ ಊಟ. ಅತ್ತೆಗೆ ಗಂಜಿ ಹಾಕಿದಳು ಎಂದು ನಾದಿನಿಯರು ಆಡಿಕೊಂಡರೆ? ಸುಮ್ಮನಾದೆ. ನಿಜ ಹೇಳಲೇ? ಆ ಸೆಕೆಯಲ್ಲಿ ಮುದ್ದೆ ತಿರುವಿ ತಿರುವಿ ನನಗೂ ಸಿಟ್ಟು ಬಂದಿತ್ತು. ಬಡಿಸಿದವಳೇ ಫ್ಯಾನಿನ ಕೆಳಗೆ ಹೋಗಿ ಮಲಗುತ್ತಿದ್ದೆ. ಅವರು ನೀರು ಕುಡಿದರೋ ಬಿಟ್ಟರೋ ನೋಡುತ್ತಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಅತ್ತೆ ಕುಸಿದುಬಿಟ್ಟರು. ನಾಲಗೆ ಒಣಗಿಹೋಗಿತ್ತು. ನನ್ನನ್ನು ಮಗಳ ಹೆಸರು ಹಿಡಿದು ಕರೆಯುತ್ತಿದ್ದರು. ಅಕ್ಕನೇ ಓಡಿಬಂದು ಆಟೋ ಕರೆಸಿ, ದಾರಿಯುದ್ದಕ್ಕೂ ಒದ್ದೆ ಬಟ್ಟೆಯಿಂದ ಮೈ ಒರೆಸಿದರು. ನಾನು ಬೀಸಣಿಗೆ ಬೀಸುತ್ತಾ ಅಳುತ್ತಿದ್ದೆ. ಎರಡು ಬಾಟಲಿ ಗ್ಲೂಕೋಸ್ ಏರಿಸಿದರು. "ಬೆವರಲ್ಲಿ ನೀರಿನ ಜೊತೆ ಉಪ್ಪೂ ಹೋಗ್ತದೆ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುದಿಲ್ಲ, ನೀವೇ ಕೇಳಿ ಕೇಳಿ ಕುಡಿಸಬೇಕು" ಎಂದರು ಡಾಕ್ಟರು. ನಾನು ತಲೆಯೆತ್ತಲಿಲ್ಲ.

ಅಕ್ಕ ಬಂದು ಕುಚ್ಚಲಕ್ಕಿ ಗಂಜಿ ಕಲಿಸಿಕೊಟ್ಟರು. ತಿಳಿ ಬಸಿಯಬಾರದು, ಉಪ್ಪು ಹಾಕಿ ಮಾವಿನ ಮಿಡಿ ನೆಂಚಿಕೊಳ್ಳಬೇಕು. ಸಂಜೆಗೆ ಪುನರ್ಪುಳಿ ಶರಬತ್ತು: ಎಂಟು ಹತ್ತು ಒಣ ಸಿಪ್ಪೆಗಳನ್ನು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿ, ಇನ್ನೆರಡು ಲೋಟ ನೀರು, ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿದರಾಯಿತು. (ಮನೆಯಲ್ಲಿ ಬಿ.ಪಿ. ಇರುವವರಿದ್ದರೆ ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳಿ.)

ಮೊದಲ ದಿನ ಅತ್ತೆ, "ನಂಗೇನು ಜ್ವರ ಬಂದೈತೇನೇ?" ಎಂದು ಬಟ್ಟಲು ಸರಿಸಿದರು. ನಾನೂ ಒಂದು ಬಟ್ಟಲು ಹಾಕಿಕೊಂಡು ಪಕ್ಕದಲ್ಲೇ ಕುಳಿತೆ. ಓರೆಗಣ್ಣಿನಲ್ಲಿ ನೋಡಿ, ಎರಡು ಗುಟುಕು ಕುಡಿದರು. ಆಮೇಲೆ ಮಿಡಿ ಕೇಳಿದರು.

ಈಗ ಮುದ್ದೆ ರಾತ್ರಿಗೆ ಸರಿದಿದೆ. ಹೋದ ವರ್ಷ ಹಾಸನದಲ್ಲಿ ಮದುವೆಯೂಟಕ್ಕೆ ಕುಳಿತಾಗ, ಬಡಿಸುವ ಹುಡುಗನನ್ನು ನಿಲ್ಲಿಸಿ, "ಗಂಜಿ ಇಲ್ವೇನಪ್ಪಾ?" ಎಂದುಬಿಡಬೇಕೇ! ನಾದಿನಿಯರೆಲ್ಲ ನನ್ನ ಮುಖ ನೋಡಿದರು.