ಬೆಂದ ಕಾಳಿನ ಅಜ್ಜಿಯೂ ಬೇಗೂರಿನ ಕಲ್ಲೂ

ಬೆಂಗಳೂರಿಗೆ ಆ ಹೆಸರು ಹೇಗೆ ಬಂದಿತೆಂದು ಕೇಳಿದರೆ ಶಾಲೆಯ ಮಕ್ಕಳೂ ಥಟ್ಟನೆ ಉತ್ತರಿಸುತ್ತಾರೆ. ಬೇಟೆಗೆ ಹೊರಟ ಹೊಯ್ಸಳ ದೊರೆ ವೀರಬಲ್ಲಾಳನು ಕಾಡಿನಲ್ಲಿ ದಾರಿ ತಪ್ಪಿದನು. ಗುಡಿಸಲಿನ ಅಜ್ಜಿಯೊಬ್ಬಳು ತನ್ನಲ್ಲಿದ್ದ ಬೆಂದ ಕಾಳನ್ನಿಟ್ಟು ಅವನ ಹಸಿವನ್ನು ತಣಿಸಿದಳು. ಊರು ‘ಬೆಂದಕಾಳೂರು’ ಆಯಿತು. ಕಥೆ ಸೊಗಸಾಗಿದೆ. ಆದರೆ ಜೆ.ಪಿ. ನಗರದ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿ, ಅದನ್ನು ಒಪ್ಪದ ಕಲ್ಲೊಂದಿದೆ.

ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಶಾಸನ ಅದು. ಅಧಿಕಾರಿ ನಾಗತ್ತರನ ಮನೆಯವನೊಬ್ಬನು ‘ಬೆಂಗಳೂರ ಕಾಳಗ’ದಲ್ಲಿ ಮಡಿದನೆಂದು ಹಳಗನ್ನಡದ ಕೆಲವೇ ಸಾಲುಗಳಲ್ಲಿ ಹೇಳುತ್ತದೆ. ಎರಡನೆಯ ವೀರಬಲ್ಲಾಳನು ಪಟ್ಟವೇರಿದ್ದು 1173ರಲ್ಲಿ. ಅಜ್ಜಿ ಒಲೆ ಹೊತ್ತಿಸುವುದಕ್ಕೆ ಇನ್ನೂರೆಂಬತ್ತು ವರ್ಷ ಮೊದಲೇ ಊರಿಗೆ ಹೆಸರಿತ್ತು! ನಾಗತ್ತರನೂ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ಸತ್ತನು. ಅವನ ಆ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಅದ್ಭುತ ಕೆತ್ತನೆ. ಅಧಿಕಾರಿಗೆ ಅಷ್ಟು ವೈಭವ, ಅವನ ಮನೆಯವನಿಗೆ ಕೆಲವು ಸಾಲು. ಆದರೂ ಊರಿನ ಹೆಸರನ್ನು ಉಳಿಸಿಕೊಟ್ಟದ್ದು ಆ ಕೆಲವು ಸಾಲುಗಳೇ.

ಹಾಗೆಂದು ಅಜ್ಜಿಯನ್ನು ಹೊರಗಟ್ಟಬೇಕೆ? ರೋಮ್ ನಗರದಲ್ಲಿ ರೋಮುಲಸ್, ರೆಮುಸ್ ಎಂಬ ಅವಳಿ ಶಿಶುಗಳಿಗೆ ಹಾಲೂಡಿಸುವ ಕಂಚಿನ ತೋಳವಿದೆ. ಆ ಶಿಶುಗಳನ್ನು 15ನೆಯ ಶತಮಾನದ ಕೊನೆಯಲ್ಲಿ ಸೇರಿಸಿದ್ದು. ತೋಳವೂ ಪ್ರಾಚೀನವಲ್ಲ, ಮಧ್ಯಯುಗದ್ದು ಎಂದು ಈಚಿನ ಪರೀಕ್ಷೆಗಳು ಸೂಚಿಸಿವೆ. ಆದರೂ ಅದು ರೋಮಿನ ಲಾಂಛನವಾಗಿಯೇ ಉಳಿದಿದೆ.

ಅಷ್ಟು ದೂರವೇಕೆ, ಶ್ರವಣಬೆಳಗೊಳಕ್ಕೇ ಬನ್ನಿ. ಗೊಮ್ಮಟನನ್ನು ಚಾವುಂಡರಾಯನು ಮಾಡಿಸಿದನೆಂದು ಮೂರ್ತಿಯ ಪಾದದ ಬಳಿಯ ಶಾಸನವೇ ಹೇಳುತ್ತದೆ. ಜನರ ನೆನಪು ಮಾತ್ರ ಬೇರೆಯದನ್ನು ಹಿಡಿದಿಟ್ಟಿದೆ: ಅವನು ಸುರಿಸಿದ ಕೊಡ ಕೊಡ ಹಾಲು ಪಾದಕ್ಕಿಳಿಯಲಿಲ್ಲ, ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿ ಹರಿಯಿತು. ಶಾಸನದ ಯಜಮಾನನಿಗೆ ಜನರು ಹೇಳಿಕೊಟ್ಟ ಪಾಠವದು. ಆ ಗುಳ್ಳಕಾಯಜ್ಜಿಯೂ ಕಲ್ಲಾಗಿ ಗೊಮ್ಮಟನಿಗೆದುರಾಗಿ ನಿಂತಿದ್ದಾಳೆ. ಇತಿಹಾಸದ ವಿದ್ಯಾರ್ಥಿಯಾದ ನಾನು ಅವಳಿಗೂ ಕೈಮುಗಿದೇ ಬರುತ್ತೇನೆ.

ಇಬ್ಬರು ಅಜ್ಜಿಯರೂ ಅರಸುಮಕ್ಕಳಿಗೆ, ಅಧಿಕಾರಿಗಳಿಗೆ ಕೊಟ್ಟವರೇ ಹೊರತು ಪಡೆದವರಲ್ಲ. ಜನರು ತಮ್ಮ ಊರಿನ ಹುಟ್ಟಿಗೆ ಯುದ್ಧವನ್ನಲ್ಲ, ಊಟವನ್ನು ಕಾರಣ ಮಾಡಿಕೊಂಡದ್ದು ನನಗೆ ಮೆಚ್ಚುಗೆಯೇ. ಕಾಲಗಣನೆಯಲ್ಲಿ ಮಾತ್ರ ಕಲ್ಲಿನ ಮಾತೇ ಮಾತು, ಅಲ್ಲಿ ರಾಜಿಯಿಲ್ಲ. ನನ್ನ ಕೊರಗು ಬೇರೆ. ಕಾಳು ಕೊಟ್ಟವಳ ಕಥೆ ಊರೆಲ್ಲ ಹಬ್ಬಿತು. ಬೆಂಗಳೂರ ಕಾಳಗದಲ್ಲಿ ಬಿದ್ದವನ ಮೇಲೆ ಯಾರೂ ಒಂದು ಕಥೆ ಕಟ್ಟಲಿಲ್ಲ. ಬೇಗೂರಿಗೆ ಹೋಗುವ ಓದುಗರು ದೇವರ ದರ್ಶನ ಮುಗಿದ ಮೇಲೆ ಆ ಕಲ್ಲಿನ ಮುಂದೆಯೂ ಒಂದು ಗಳಿಗೆ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.