ಹೊಳೆಯ ದಂಡೆಯ ಪಾಠ

ಕಾಡಿನಲ್ಲಿ ಬಿಡಾರ ಹೂಡುವ ವಿಚಾರ ನಿಮಗಿದ್ದರೆ ನಮ್ಮ ಈ ಅನುಭವವನ್ನು ಲಾಲಿಸಿರಿ. ವಿದ್ಯಾರ್ಥಿನಿಲಯದ ನಲವತ್ತು ಮಕ್ಕಳ ಪ್ರವಾಸಕ್ಕೆ ಸ್ಥಳ ನೋಡಿ ಬರಲೆಂದು ದಾಂಡೇಲಿಯ ಕಡೆಗೆ ಹೋಗಿದ್ದೆವು. ಗಣೇಶಗುಡಿಯಿಂದ ಕೆಳಗೆ ಕಾಳಿ ನದಿಯ ಮರಳದಂಡೆಯನ್ನು ಕಂಡೊಡನೆ ಮನಸ್ಸು ಸೋತಿತು. ಸಮನಾದ ನೆಲ, ಕೈಗೆಟಕುವ ನೀರು, ಬಿದಿರಿನ ನೆರಳು. ‘ಇಲ್ಲಿಯೇ ಆಗಲಿ’ ಎಂದೆವು.

ಜೊತೆಗೆ ಬಂದಿದ್ದ ಊರಿನ ಹಿರಿಯರು ಮರುಮಾತಾಡದೆ ಒಂದು ಪೊದೆಯನ್ನು ತೋರಿಸಿದರು. ಅದರ ಕೊಂಬೆಗಳಲ್ಲಿ ಎದೆಯೆತ್ತರಕ್ಕೆ ಒಣಗಿದ ಕಸಕಡ್ಡಿ ಸಿಕ್ಕಿಕೊಂಡಿತ್ತು. ಮೇಲ್ಗಡೆ ಇರುವುದು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ಮಲಗಿದ ಮಕ್ಕಳನ್ನು ನೆನೆದು ನಮ್ಮ ಮೈ ನಡುಗಿತು. ಮಠದಲ್ಲಿಯೂ ವಿಶ್ವವಿದ್ಯಾಲಯದಲ್ಲಿಯೂ ಓದಿದ ನಮ್ಮ ಕಣ್ಣಿಗೆ ಆ ಕಸ ಬಿದ್ದಿರಲಿಲ್ಲ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮನಬಂದಲ್ಲಿ ಡೇರೆ ಹಾಕುವಂತೆಯೂ ಇಲ್ಲ. ಕೊನೆಗೆ ಕುಳಗಿಯಲ್ಲಿರುವ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವನ್ನು ನಿಶ್ಚಯಿಸಿದೆವು. ಅಲ್ಲಿ ಹೊಳೆಯ ಸೊಬಗಿಲ್ಲವೆಂದು ಮಕ್ಕಳು ಗೊಣಗಿದರು. ಆದರೆ ರಾತ್ರಿ ನೆಮ್ಮದಿಯಿಂದ ನಿದ್ರಿಸಿದರು.

ನೀವು ಸ್ಥಳ ನೋಡಲು ಹೋಗುವಾಗ ಅಲ್ಲಿಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನೀರು ಎಲ್ಲಿಯವರೆಗೆ ಏರುತ್ತದೆಂದು ಮೊದಲು ಕೇಳಿರಿ. ಸೊಬಗನ್ನು ಆಮೇಲೆ ನೋಡೋಣ.