ಆಕ್ಷೇಪಣೆಗೆ 15 ದಿನ: ಮಸ್ಕಿಯ ದಿನಚರಿ

ನವೆಂಬರ್ 5, 2024, ಮಂಗಳವಾರ

ದೀಪಾವಳಿ ಮುಗಿದು, ಅರ್ಜಿ ಹಾಕಿಸುವ ನನ್ನ ಅಂಗಡಿ ತುಂಬ ಜನ. ಸರ್ವರ್ ಬೆಳಿಗ್ಗೆಯಿಂದ ಸುತ್ತುತ್ತಲೇ ಇದೆ. ಪಹಣಿ, ಜಾತಿ-ಆದಾಯ, ನಡುನಡುವೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರೆಂಬ ಪ್ರಮಾಣಪತ್ರ.

ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಮಸ್ಕಿ ತಾಲ್ಲೂಕಿನವಳೇ. ಒಂದನೇ ತರಗತಿಯಿಂದ ಡಿಗ್ರಿವರೆಗೆ ಓದಿದ್ದೂ ಇಲ್ಲೇ. ಜನನ ಪತ್ರ ಮಾತ್ರ ಇಳಕಲ್ಲಿನದು. ತಾಯಿಗೆ ಅದು ತವರು, ಚೊಚ್ಚಲ ಹೆರಿಗೆ. ಇಳಕಲ್ ಬಾಗಲಕೋಟೆ ಜಿಲ್ಲೆಗೆ ಸೇರುತ್ತದೆ, ಕಲ್ಯಾಣ ಕರ್ನಾಟಕದ ಗಡಿಯಾಚೆ.

“ಐದು ತಿಂಗಳಿಗೆ ತೊಟ್ಟಿಲ ಸಮೇತ ಕರಕೊಂಡು ಬಂದಾರ್ರಿ ಅಣ್ಣಾರ, ಆಮ್ಯಾಲ ಹಬ್ಬಕ್ಕ ಹೋಗಿದ್ದಷ್ಟ,” ಅಂದರು ತಾಯಿ.

ಜನನ ಬಿಡಿ, ವಾಸದ ಮೇಲೆ ಹಾಕೋಣ ಎಂದೆ. ಶಾಲೆಯ ವ್ಯಾಸಂಗ ಪತ್ರ ತರಲು ಹೋದರು. ಮುಖ ಸಣ್ಣದಾಗಿತ್ತು ಹುಡುಗಿಯದು.

ನವೆಂಬರ್ 6, ರಾತ್ರಿ

ನಿದ್ದೆ ಇಲ್ಲ. 371ಜೆ ಕಾಗದಗಳನ್ನು ಹರವಿಕೊಂಡು ಕೂತೆ. ಸಂವಿಧಾನದಲ್ಲಿ ಇರುವುದು ಚಿಕ್ಕ ಮಾತು: ಜನನದಿಂದ ಅಥವಾ ವಾಸದಿಂದ ಆ ಪ್ರದೇಶಕ್ಕೆ ಸೇರಿದವರು. 98ನೇ ತಿದ್ದುಪಡಿ. ಅದರ ಕೆಳಗೆ 2013ರ ಆದೇಶ. ಎಚ್.ಕೆ. ಪಾಟೀಲರ ಸಂಪುಟ ಉಪಸಮಿತಿ ಕೂತು ರೂಪಿಸಿದ್ದು. ಈ ಭಾಗದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು: ಎ, ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80, ಡಿ ಗುಂಪಿಗೆ ಶೇ. 85. ಅದರ ಕೆಳಗೆ ಪ್ರಮಾಣಪತ್ರದ ನಿಯಮ. ಅದರ ಕೆಳಗೆ ಸುತ್ತೋಲೆಗಳು. 2020ರ ಜೂನ್‌ನದು ಒಂದು, 2023ರ ಫೆಬ್ರವರಿಯದು ಇನ್ನೊಂದು. ಕೆಳಗಿಳಿದಷ್ಟೂ ಕಾಗದ ದಪ್ಪ. ಸಿಂಧನೂರಿನ ಲೈಬ್ರರಿಯಲ್ಲಿ ಓದುವ ಹುಡುಗರಿಗೆ ಸಂವಿಧಾನಕ್ಕಿಂತ ಸುತ್ತೋಲೆಯ ತಾರೀಕೇ ಬಾಯಿಪಾಠ.

ಇಷ್ಟೆಲ್ಲ ಕಾಗದ ಬರೆಯುವಾಗ ತವರಿನ ಬಾಣಂತನ ಯಾರಿಗೂ ನೆನಪಾಗಿರಲಿಕ್ಕಿಲ್ಲ. ಅಥವಾ ‘ವಾಸ’ ಎಂದು ಸೇರಿಸಿದ್ದೇ ಅದಕ್ಕೋ?

ನವೆಂಬರ್ 10, ಭಾನುವಾರ

ಸೋದರಮಾವನ ಮಗ ಬಂದಿದ್ದ. ಬೆಂಗಳೂರಿನ ಸಚಿವಾಲಯದಲ್ಲಿ ಯಾವುದೋ ಶಾಖೆ. ನೇಮಕಾತಿ ನಿಯಮ ಹೇಗೆ ಬರೀತೀರಪ್ಪ ಎಂದು ಕೇಳಿದೆ. ನಕ್ಕ.

“ಬರೆಯೋದೆಲ್ಲಿ ಬಂತು ಭಾವ, ಹಳೇದನ್ನ ತೆಗೆದು ತಿದ್ದೋದು.”

ಸಹಾಯಕ ಟಿಪ್ಪಣಿ ಹಾಕುತ್ತಾನೆ. ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ. ಮೇಲೆ ಹೋದದ್ದು ಪ್ರಶ್ನೆ ಹೊತ್ತು ಕೆಳಗೆ ಬರುತ್ತದೆ. ಸಿಬ್ಬಂದಿ ವಿಷಯವಾದರೆ ಡಿಪಿಎಆರ್, ದುಡ್ಡಿನದಾದರೆ ಆರ್ಥಿಕ ಇಲಾಖೆ, ಭಾಷೆ ಕಾಯಲು ಶಾಸನ ರಚನಾ ಇಲಾಖೆ. ಆಮೇಲೆ ಕರಡು ರಾಜ್ಯಪತ್ರದಲ್ಲಿ. ಆಕ್ಷೇಪಣೆಗೆ 15 ದಿನ. ಅಂತಿಮವಾದ ಮೇಲೆ ಉಭಯ ಸದನಗಳ ಮುಂದೆ ಇಡಬೇಕು. ನೋಡಲು ಅಧೀನ ಶಾಸನ ರಚನಾ ಸಮಿತಿ ಇದೆ.

ಇಷ್ಟು ಜನ ನೋಡುತ್ತಾರಾ! ಗೌರವ ಬಂತು, ನಿಜ. ಅಷ್ಟರಲ್ಲಿ ಅವನೇ ಅಂದ: ಆಕ್ಷೇಪಣೆ ಬರೋದೇ ಕಡಿಮೆ, ಬಂದರೂ ನೌಕರರ ಸಂಘದ್ದು.

ನವೆಂಬರ್ 13, ಬುಧವಾರ. ಲಿಂಗಸುಗೂರು

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರಕ್ಕೂ ಉಪವಿಭಾಗ ಇದೇ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರು ದಾಟಿದ 371ಜೆ ಅರ್ಜಿಗೆ ಕೊನೆಯ ಸಹಿ ಸಹಾಯಕ ಆಯುಕ್ತರದು.

ಚಹಾದಂಗಡಿಯಲ್ಲಿ ಸಿಂಧನೂರಿನ ಆರ್‌ಎಚ್ ಕ್ಯಾಂಪಿನ (ನಿರಾಶ್ರಿತರ ಪುನರ್ವಸತಿ ಶಿಬಿರ) ಹುಡುಗ ಸಿಕ್ಕ. ಅಜ್ಜ ಪೂರ್ವ ಬಂಗಾಳದಿಂದ ಬಂದವರು. ಇವನ ಕನ್ನಡ ಅಪ್ಪಟ ನಮ್ಮ ಕಡೆಯದು. ಹುಟ್ಟಿದ್ದು ಸಿಂಧನೂರಿನಲ್ಲಿ, ಜನನ ಪತ್ರ ಇಟ್ಟ, ಕೆಲಸ ಸಲೀಸು. ಅವನಿಗೆ ಸಿಕ್ಕಿದ್ದು ಸರಿಯೇ. ಆ ಹುಡುಗಿಗೆ ಇಷ್ಟು ಓಡಾಟ ಯಾಕೆ ಅನ್ನುವುದಷ್ಟೇ ನನ್ನ ತಕರಾರು. ಇಬ್ಬರಿಗೂ ಹೊಂದುವ ವಾಕ್ಯ ನಾನೇ ಬರೆದುನೋಡಿದೆ, ಬಸ್ಸಿನಲ್ಲಿ, ಟಿಕೆಟ್ ಹಿಂದೆ. ಬರಲಿಲ್ಲ. ಒಬ್ಬರನ್ನು ಒಳಗೆ ತಂದರೆ ಯಾರೋ ಸುಳ್ಳು ವಾಸದವನು ಜೊತೆಗೆ ನುಗ್ಗುತ್ತಾನೆ.

ನವೆಂಬರ್ 17, ಭಾನುವಾರ, ರಾತ್ರಿ

ಇವತ್ತು ಪಿಡಿಒ ಪರೀಕ್ಷೆ, ನಮ್ಮ ಭಾಗದ 97 ಹುದ್ದೆಗೆ. ಸಿಂಧನೂರಿನಲ್ಲಿ ಗಲಾಟೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಸಿಗಲಿಲ್ಲ, ಬಯಲಾಗಿದೆ ಎಂದು ಅಭ್ಯರ್ಥಿಗಳು ರಸ್ತೆಗೆ ಕೂತರು. ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ. ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಇಲ್ಲ ಎಂದು ಅಕ್ಟೋಬರ್ 28ರ ಸಂಪುಟ ಬೇರೆ ಹೇಳಿದೆ. ಇಂಥ ಹೊತ್ತಿನಲ್ಲಿ ಕೈಗೆ ಬಂದ ಪರೀಕ್ಷೆ ಹೀಗಾದರೆ ಯಾರನ್ನು ಕೇಳುವುದು? ವಯೋಮಿತಿ ಸಮೀಪಿಸಿದವರ ಸಂಕಟ ಹೇಳತೀರದು.

ಬರೆಯಲು ಮನಸ್ಸಿಲ್ಲ.

ನವೆಂಬರ್ 19, ಮಂಗಳವಾರ

ಸಿಂಧನೂರಿನ ಲೈಬ್ರರಿ ಗುಂಪಿನವನೊಬ್ಬ ಬಂದ, ಕಣ್ಣು ಕೆಂಪಗೆ. ವಾಟ್ಸಾಪಿನಲ್ಲಿ ಒಂದು ಕರಡು ನಿಯಮ. ಹುದ್ದೆಯ ವಿದ್ಯಾರ್ಹತೆ ಬದಲಾಗಿದೆ, ಅವನ ಡಿಗ್ರಿ ಹೊರಗೆ. ರಾಜ್ಯಪತ್ರದ ತಾರೀಕು ನೋಡಿದೆ. ಹನ್ನೊಂದು ದಿನ ಆಗಲೇ ಹೋಗಿವೆ.

ಸಂಜೆ ಕೂತು ಬರೆದೆವು. ಮೊದಲ ಪ್ರತಿ ಪೂರಾ ಸಿಟ್ಟು. ತೆಗೆಸಿದೆ. ಯಾವ ನಿಯಮ, ಯಾವ ಕಲಂ, ಅಲ್ಲಿ ಏನಿದೆ, ಬದಲಿಗೆ ಏನಿರಬೇಕು, ಯಾಕೆ. ಒಂದೂವರೆ ಪುಟಕ್ಕೆ ಇಳಿಯಿತು. “ಇದನ್ನ ಯಾರಾದ್ರೂ ಓದ್ತಾರಣ್ಣ?” ಅಂದ. ಉತ್ತರ ಕೊಡಲಿಲ್ಲ.

ನವೆಂಬರ್ 20, ಬುಧವಾರ

ಸ್ಪೀಡ್ ಪೋಸ್ಟ್ ಆಯಿತು, ಇ-ಮೇಲೂ ಹೋಯಿತು. ಹುಡುಗಿಯ ವ್ಯಾಸಂಗ ಪತ್ರ ಬಂದಿದೆ, ಅರ್ಜಿ ಇನ್ನೂ ಕಂದಾಯ ನಿರೀಕ್ಷಕರ ಹಂತದಲ್ಲಿದೆ.

ಮಾವನ ಮಗನಿಗೆ ಫೋನ್ ಮಾಡಿದೆ. ಅಂತಿಮ ಅಧಿಸೂಚನೆಯ ಪೀಠಿಕೆಯಲ್ಲಿ ಎರಡರಲ್ಲಿ ಒಂದು ವಾಕ್ಯ ಇರುತ್ತದಂತೆ. ಆಕ್ಷೇಪಣೆ ಬಂದಿಲ್ಲ ಎನ್ನುವುದು, ಇಲ್ಲವೇ ಬಂದವನ್ನು ಪರಿಶೀಲಿಸಲಾಗಿದೆ ಎನ್ನುವುದು. ವಿದ್ಯಾರ್ಹತೆ ಬದಲಾಗುತ್ತದೋ ಇಲ್ಲವೋ. ಮೊದಲನೆಯ ವಾಕ್ಯವನ್ನಂತೂ ಈ ಸಲ ಅವರು ಬರೆಯುವಂತಿಲ್ಲ.